ಮಗು ಮೊದಲು, ಪಾಸ್‌ಪೋರ್ಟ್ ಆಮೇಲೆ

ಬೂದಿಕೋಟೆ ಎಂದರೆ ಹೊರಗಿನವರಿಗೆ ಹೈದರ್ ಅಲಿ ಹುಟ್ಟಿದ ಊರು. ಬಂಗಾರಪೇಟೆ ತಾಲ್ಲೂಕಿನ ಈ ಹೋಬಳಿಯ ಹುಡುಗರು ಹುಡುಗಿಯರು ಇವತ್ತು ಓದಿಗೆ ಕೋಲಾರಕ್ಕೆ, ಕೆಲಸಕ್ಕೆ ಬೆಂಗಳೂರಿಗೆ, ಅಲ್ಲಿಂದ ಕೆಲವರು ಕಡಲಾಚೆಗೂ ಹೋಗುತ್ತಿದ್ದಾರೆ. ಪಕ್ಕದ ಕೆಜಿಎಫ್‌ನದು ಇನ್ನೂ ಹಳೆಯ ವಲಸೆ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ನಡೆಸಿದ ಗಣಿಗಳ ಸುತ್ತ ಬೆಳೆದ ಆಂಗ್ಲೋ-ಇಂಡಿಯನ್ ಕುಟುಂಬಗಳಲ್ಲಿ ಅನೇಕರು ಸ್ವಾತಂತ್ರ್ಯದ ನಂತರ ಇಂಗ್ಲೆಂಡ್, ಆಸ್ಟ್ರೇಲಿಯಾಗಳಿಗೆ ಹೊರಟರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಕಾರ್ಮಿಕರ ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿನ ದುಡಿಮೆಗೆ ಹೋಗತೊಡಗಿದರು. ಅವರಲ್ಲೂ ಕೆಲವರು ವಿಮಾನ ಹತ್ತಿದರು. ಹೀಗೆ ಒಂದೇ ಮನೆಯ ಬೇರು ಇಲ್ಲಿ, ಬದುಕು ಇನ್ನೊಂದು ದೇಶದಲ್ಲಿ ಎಂಬುದು ನಮ್ಮ ಸೀಮೆಗೆ ಹೊಸದಲ್ಲ.

ಇಂಥ ಮನೆಯ ದಂಪತಿ ಒಂದು ಮಗುವನ್ನು ದತ್ತು ತೆಗೆದುಕೊಳ್ಳಬೇಕೆಂದು ನಿಶ್ಚಯಿಸಿದರೆ ಮೊದಲ ಫೋನು ಊರಿಗೇ ಬರುತ್ತದೆ. ಊರಿನಿಂದ ಮೂರು ಸಲಹೆಗಳು ಹೋಗುತ್ತವೆ. ಮೊದಲನೆಯದು, "ಹೊರಗಿನ ಮಗು ಯಾಕೆ, ನಿಮ್ಮಣ್ಣನ ಎರಡನೇ ಮಗೂನೇ ಕರ್ಕೊಂಡು ಹೋಗಿ." ಎರಡನೆಯದು, "ಆಸ್ಪತ್ರೇಲಿ ಗೊತ್ತಿರೋರಿದ್ದಾರೆ, ಬಾಂಡ್ ಪೇಪರಲ್ಲಿ ಬರೆಸ್ಕೊಂಡರಾಯ್ತು." ಮೂರನೆಯದು, "ಯಾವುದಾದ್ರೂ ಆಶ್ರಮಕ್ಕೆ ಹೋಗಿ ನೋಡಿ ಒಂದನ್ನ ಆರಿಸ್ಕೊಳ್ಳಿ." ಮೂರನ್ನೂ ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಎರಡನೆಯದು ಅಪರಾಧ. ಮೂರನೆಯದಕ್ಕೆ ಇಂದಿನ ಕಾನೂನಿನಲ್ಲಿ ಜಾಗವಿಲ್ಲ. ಮೊದಲನೆಯದು ತೋರುವಷ್ಟು ಸುಲಭವಿಲ್ಲ. ಹೀಗೇಕೆ ಎಂಬುದನ್ನು ತಿಳಿಯಲು ನಮ್ಮ ದೇಶದಲ್ಲಿ ದತ್ತು ನಡೆದು ಬಂದ ದಾರಿಯನ್ನು ಒಮ್ಮೆ ಪೂರ್ತಿಯಾಗಿ ನೋಡಬೇಕು.

ಗಾದಿಗೊಬ್ಬ ಮಗ

ನಮ್ಮಲ್ಲಿ ದತ್ತು ಬಹುಕಾಲ ದೊಡ್ಡವರ ಅಗತ್ಯವಾಗಿತ್ತು. ವಂಶ ಮುಂದುವರಿಯಬೇಕು, ಪಿಂಡ ಇಡಲು ಮಗ ಬೇಕು, ಆಸ್ತಿ ಪರರ ಪಾಲಾಗಬಾರದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡದ್ದು ಗಾದಿ ಉಳಿಯಲೆಂದು. ಬ್ರಿಟಿಷರು ಅದನ್ನು ಮೊದಲು ಒಪ್ಪದೆ 1867ರಲ್ಲಿ ಮಣಿದದ್ದೂ ರಾಜಕಾರಣದ ಲೆಕ್ಕಾಚಾರದಿಂದಲೇ. ಅರಮನೆಯಲ್ಲಿ ನಡೆದದ್ದೇ ಸಣ್ಣ ಪ್ರಮಾಣದಲ್ಲಿ ಹಳ್ಳಿಯ ಜಮೀನ್ದಾರರ ಮನೆಗಳಲ್ಲೂ ನಡೆಯುತ್ತಿತ್ತು. ಮಗು ಬಹುಮಟ್ಟಿಗೆ ಗಂಡು, ಬಹುಮಟ್ಟಿಗೆ ನೆಂಟರದು.

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಹೆಣ್ಣುಮಗುವನ್ನೂ ದತ್ತು ತೆಗೆದುಕೊಳ್ಳುವ ಬಾಗಿಲು ತೆರೆಯಿತು, ದತ್ತುವಿಗಾಗಿ ಹಣ ಕೊಡುವುದನ್ನೂ ಪಡೆಯುವುದನ್ನೂ ನಿಷೇಧಿಸಿತು. ಆದರೆ ಅದು ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ. ಕೆಜಿಎಫ್‌ನ ಕ್ರೈಸ್ತ ಕುಟುಂಬವಾಗಲಿ ಬಂಗಾರಪೇಟೆಯ ಮುಸ್ಲಿಂ ಕುಟುಂಬವಾಗಲಿ ಮಗುವನ್ನು ಸಾಕಬಹುದಿತ್ತು, ಆದರೆ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಡಿ ಪೋಷಕರಾಗಿ ಮಾತ್ರ. ಕಾನೂನಿನ ಕಣ್ಣಿಗೆ ಅವರು ತಂದೆತಾಯಿಯಲ್ಲ. ಈ ಅನ್ಯಾಯ ಸರಿಹೋದದ್ದು ಬಾಲನ್ಯಾಯ ಕಾಯ್ದೆಯಿಂದ. ಯಾವ ಧರ್ಮದವರೂ ಈ ಕಾಯ್ದೆಯಡಿ ದತ್ತು ತೆಗೆದುಕೊಳ್ಳಬಹುದೆಂದು 2014ರಲ್ಲಿ ಶಬ್ನಮ್ ಹಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ಒಂದು ಪತ್ರ, ಒಂದು ತೀರ್ಪು

ವಿದೇಶಿಯರು ಭಾರತದ ಮಕ್ಕಳನ್ನು ಕರೆದೊಯ್ಯುತ್ತಿದ್ದದ್ದೂ ಅದೇ 1890ರ ಕಾಯ್ದೆಯಡಿಯೇ. ಇಲ್ಲಿನ ಕೋರ್ಟಿನಲ್ಲಿ ಪೋಷಕತ್ವದ ಆದೇಶ ಪಡೆದು, ತಮ್ಮ ದೇಶಕ್ಕೆ ಹೋಗಿ ಅಲ್ಲಿ ದತ್ತು ಪೂರ್ಣಗೊಳಿಸುತ್ತಿದ್ದರು. ನಡುವೆ ಮಗುವಿಗೆ ಏನಾಯಿತೆಂದು ಕೇಳುವವರಿರಲಿಲ್ಲ. ವಕೀಲ ಲಕ್ಷ್ಮೀಕಾಂತ ಪಾಂಡೆ ಈ ಬಗ್ಗೆ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಕೋರ್ಟ್ ಆ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿತು. ನ್ಯಾಯಮೂರ್ತಿ ಪಿ.ಎನ್. ಭಗವತಿಯವರು 1984ರ ಫೆಬ್ರವರಿ 6ರಂದು ಕೊಟ್ಟ ತೀರ್ಪು ಭಾರತದ ದತ್ತು ವ್ಯವಸ್ಥೆಯ ಅಡಿಪಾಯ.

ಆ ತೀರ್ಪು ಒಂದು ಕ್ರಮವನ್ನು ಹಾಕಿಕೊಟ್ಟಿತು. ಮೊದಲು ಹೆತ್ತವರ ಬಳಿಯೇ ಮಗು ಉಳಿಯುವಂತೆ ನೋಡಬೇಕು. ಅದಾಗದಿದ್ದರೆ ಭಾರತದಲ್ಲೇ ಒಂದು ಮನೆ ಹುಡುಕಬೇಕು. ಅದೂ ಸಿಗದಿದ್ದರೆ ಮಾತ್ರ ಹೊರದೇಶ. ಮಾನ್ಯತೆ ಪಡೆದ ಸಂಸ್ಥೆಗಳ ಮೂಲಕವೇ ಅರ್ಜಿ ಬರಬೇಕು, ಅರ್ಜಿದಾರರ ಮನೆಯ ಬಗ್ಗೆ ಅಧ್ಯಯನ ವರದಿ ಇರಬೇಕು, ಮಗು ಹೋದ ಮೇಲೂ ವರದಿ ಬರುತ್ತಿರಬೇಕು. ಈ ನಿರ್ದೇಶನಗಳ ಫಲವಾಗಿ 1990ರಲ್ಲಿ ಈಗ ಎಲ್ಲರೂ 'ಕಾರಾ' ಎನ್ನುವ ಕೇಂದ್ರ ದತ್ತು ಸಂಸ್ಥೆ ಹುಟ್ಟಿತು. 1993ರ ಮೇ 29ರಂದು ಹೇಗ್ ನಗರದಲ್ಲಿ ಸಿದ್ಧವಾದ ಅಂತರರಾಷ್ಟ್ರೀಯ ದತ್ತು ಒಪ್ಪಂದದಲ್ಲೂ ಇದೇ ಕ್ರಮವಿದೆ. ಭಾರತ ಅದನ್ನು 2003ರಲ್ಲಿ ಅನುಮೋದಿಸಿತು. ಹಳೆಯದರ ಜಾಗಕ್ಕೆ ಬಂದ 2015ರ ಹೊಸ ಬಾಲನ್ಯಾಯ ಕಾಯ್ದೆ 2016ರ ಜನವರಿಯಲ್ಲಿ ಜಾರಿಯಾದಾಗ ಕಾರಾ ಶಾಸನಬದ್ಧ ಪ್ರಾಧಿಕಾರವಾಯಿತು. 2022ರ ಸೆಪ್ಟೆಂಬರ್ 1ರಿಂದ ದತ್ತು ಆದೇಶ ಕೊಡುವ ಅಧಿಕಾರ ಕೋರ್ಟಿನಿಂದ ಜಿಲ್ಲಾಧಿಕಾರಿಗೆ ಬಂತು. ಹಾಗಾಗಿ ನಮ್ಮ ಜಿಲ್ಲೆಯ ದತ್ತು ಕಡತಕ್ಕೆ ಇವತ್ತು ಬೀಳುವ ಕೊನೆಯ ಸಹಿ ಕೋಲಾರದ ಡೀಸಿಯವರದು.

ಮೊದಲ ಹೆಜ್ಜೆ ಎಲ್ಲಿ

ಒಂದು ಕುಟುಂಬ ಇವತ್ತು ಶುರು ಮಾಡಬೇಕಾದದ್ದು ಅನಾಥಾಲಯದ ಬಾಗಿಲಿನಿಂದಲ್ಲ. ಭಾರತದಲ್ಲಿರುವವರು ಕಾರಾ ಜಾಲತಾಣದಲ್ಲಿ ನೇರವಾಗಿ ಹೆಸರು ನೋಂದಾಯಿಸುತ್ತಾರೆ. ವಿದೇಶದಲ್ಲಿರುವವರು ತಾವಿರುವ ದೇಶದ ಕೇಂದ್ರ ಪ್ರಾಧಿಕಾರದ ಮೂಲಕ, ಇಲ್ಲವೇ ಕಾರಾ ಮಾನ್ಯತೆ ಕೊಟ್ಟ ವಿದೇಶಿ ದತ್ತು ಸಂಸ್ಥೆಯ ಮೂಲಕ ನೋಂದಾಯಿಸಬೇಕು. ಇವೆರಡೂ ಇಲ್ಲದ ದೇಶದಲ್ಲಿರುವ ಭಾರತೀಯ ಪ್ರಜೆಗಳಿಗೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯೇ ದಾರಿ. ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿರುವ ನಮ್ಮವರು ಇದನ್ನು ನೆನಪಿಡಬೇಕು.

ಆಮೇಲೆ ಮನೆಯ ಅಧ್ಯಯನ. ಸಮಾಜ ಕಾರ್ಯಕರ್ತರು ಮನೆಗೆ ಬಂದು ಗಂಡ ಹೆಂಡತಿಯೊಡನೆ, ಇರುವ ಮಕ್ಕಳೊಡನೆ, ಅಜ್ಜಿ ತಾತನೊಡನೆ ಮಾತಾಡುತ್ತಾರೆ. ಆದಾಯ, ಆರೋಗ್ಯ, ಪೊಲೀಸ್ ದಾಖಲೆ ನೋಡುತ್ತಾರೆ. ದತ್ತು ಬಯಸುವ ದಂಪತಿಗೆ ಕನಿಷ್ಠ ಎರಡು ವರ್ಷದ ಸ್ಥಿರ ದಾಂಪತ್ಯವಿರಬೇಕು, ಮಗುವಿಗೂ ಪೋಷಕರಿಗೂ ಕನಿಷ್ಠ 25 ವರ್ಷದ ಅಂತರವಿರಬೇಕು. 2022ರ ನಿಯಮಾವಳಿಯಂತೆ ಎರಡು ವರ್ಷದೊಳಗಿನ ಮಗು ಬೇಕೆಂದರೆ ದಂಪತಿಯ ವಯಸ್ಸು ಸೇರಿ 85 ಮೀರಬಾರದು. ಒಬ್ಬಂಟಿ ಮಹಿಳೆ ಗಂಡಾಗಲಿ ಹೆಣ್ಣಾಗಲಿ ಯಾವ ಮಗುವನ್ನೂ ದತ್ತು ತೆಗೆದುಕೊಳ್ಳಬಹುದು. ಒಬ್ಬಂಟಿ ಪುರುಷನಿಗೆ ಹೆಣ್ಣುಮಗುವನ್ನು ಕೊಡುವುದಿಲ್ಲ.

ಇದು ಮನೆಯ ಕಡೆಯ ಕೆಲಸ. ಮಗುವಿನ ಕಡೆಯಲ್ಲಿ ಇನ್ನೊಂದು ಕೆಲಸ ನಡೆದಿರಬೇಕು. ಮಗುವನ್ನು ಕಾನೂನುಬದ್ಧವಾಗಿ ದತ್ತುವಿಗೆ ಮುಕ್ತವೆಂದು ಘೋಷಿಸುವುದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ಬಿಟ್ಟುಹೋದ ಮಗುವಾದರೆ ಹೆತ್ತವರ ಹುಡುಕಾಟ ನಡೆಸಿ, ಎರಡು ವರ್ಷದೊಳಗಿನ ಮಗುವಿನ ಬಗ್ಗೆ ಎರಡು ತಿಂಗಳಲ್ಲಿ, ದೊಡ್ಡ ಮಗುವಿನ ಬಗ್ಗೆ ನಾಲ್ಕು ತಿಂಗಳಲ್ಲಿ ಸಮಿತಿ ತೀರ್ಮಾನಿಸಬೇಕು. ತಾಯಿಯೇ ಬಂದು ಒಪ್ಪಿಸಿದ ಮಗುವಾದರೆ ಆಕೆ ಮನಸ್ಸು ಬದಲಿಸಲು 60 ದಿನವಿದೆ. ಹಾಗೆ ಮುಕ್ತವಾದ ಮಗುವಿಗೆ 60 ದಿನದಲ್ಲಿ ಭಾರತೀಯ ಅಥವಾ ಅನಿವಾಸಿ ಭಾರತೀಯ ಮನೆ ಸಿಗದಿದ್ದರೆ ಆಗ ಅದು ವಿದೇಶಿ ಕುಟುಂಬಕ್ಕೆ ಲಭ್ಯ. ಅಂಗವೈಕಲ್ಯವಿರುವ ಮಕ್ಕಳಿಗೆ, ಒಡಹುಟ್ಟಿದವರ ಗುಂಪಿಗೆ, ಐದು ವರ್ಷ ದಾಟಿದವರಿಗೆ ವಿದೇಶದಲ್ಲಿ ಮನೆ ಹುಡುಕುವಾಗ ಆದ್ಯತೆ ಕೊಡಬಹುದೆಂದು ಕಾಯ್ದೆಯೇ ಹೇಳುತ್ತದೆ. ಅನಿವಾಸಿ ಭಾರತೀಯರಿಗೆ ಇಲ್ಲಿರುವವರಷ್ಟೇ ಆದ್ಯತೆಯಿದೆ. ಆದ್ದರಿಂದ ಟೆಕ್ಸಾಸಿನಲ್ಲಿದ್ದು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಬಂಗಾರಪೇಟೆಯ ದಂಪತಿಯೂ ಬಂಗಾರಪೇಟೆಯಲ್ಲೇ ಇರುವ ದಂಪತಿಯೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಮಗುವಿನ ವಿವರ ಬಂದು, ಕುಟುಂಬ ಒಪ್ಪಿ, ಎರಡೂ ದೇಶಗಳು ಒಪ್ಪಿದ ಮೇಲೆ ಕಾರಾ ನಿರಾಕ್ಷೇಪಣಾ ಪತ್ರ ಕೊಡುತ್ತದೆ. ಜಿಲ್ಲಾಧಿಕಾರಿಯ ಆದೇಶ, ಜನನ ಪ್ರಮಾಣಪತ್ರ, ಹೇಗ್ ಒಪ್ಪಂದದ ಅನುಸರಣಾ ಪ್ರಮಾಣಪತ್ರ, ಪಾಸ್‌ಪೋರ್ಟ್, ವೀಸಾ ಎಲ್ಲವೂ ಆ ನಂತರ. ಮಗು ಹೋದ ಮೇಲೂ ಎರಡು ವರ್ಷ ವರದಿ ಬರಬೇಕು: ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ. ಬಿಹಾರದಿಂದ ಅಮೆರಿಕಕ್ಕೆ ದತ್ತು ಹೋದ ಮೂರು ವರ್ಷದ ಹೆಣ್ಣುಮಗುವೊಂದು 2017ರಲ್ಲಿ ಟೆಕ್ಸಾಸಿನ ಮನೆಯಲ್ಲೇ ಸಾವಿಗೀಡಾಯಿತು. ಈ ವರದಿಗಳನ್ನು ಕಿರಿಕಿರಿ ಎಂದುಕೊಳ್ಳುವವರು ಆ ಮಗುವನ್ನು ನೆನೆಯಬೇಕು.

ಕುಟುಂಬಗಳು ಹೆಚ್ಚಾಗಿ ಎಡವುವ ಇನ್ನೊಂದು ಜಾಗವಿದೆ: ತಾವಿರುವ ದೇಶದ ವಲಸೆ ಕಾನೂನು. ಅಮೆರಿಕದಲ್ಲಿ ಹೇಗ್ ಒಪ್ಪಂದದ ದಾರಿಯಲ್ಲಿ ಮಗುವಿಗೆ ವಲಸೆ ವೀಸಾ ಕೇಳಬೇಕಾದರೆ ಅರ್ಜಿದಾರರು ಅಮೆರಿಕದ ಪ್ರಜೆಯಾಗಿರಬೇಕು. ಎಚ್-1ಬಿ ವೀಸಾದಲ್ಲಿರುವವರ ಸ್ಥಿತಿ ಬೇರೆ. ಆಸ್ಟ್ರೇಲಿಯಾ 2010ರಲ್ಲಿ ಭಾರತದಿಂದ ದತ್ತು ತೆಗೆದುಕೊಳ್ಳುವುದನ್ನು ನಿಲ್ಲಿಸಿ 2018ರಲ್ಲಿ ಮತ್ತೆ ತೆರೆಯಿತು. ಭಾರತ ಕೊಟ್ಟ ಆದೇಶ ಕೈಯಲ್ಲಿದ್ದ ಮಾತ್ರಕ್ಕೆ ಆ ದೇಶ ಮಗುವನ್ನು ಒಳಗೆ ಬಿಡಬೇಕೆಂದೇನಿಲ್ಲ. ಎರಡೂ ದೇಶದ ಒಪ್ಪಿಗೆ ಮಗುವಿನ ಪರಿಚಯಕ್ಕಿಂತ ಮೊದಲು ಖಾತ್ರಿಯಾಗಬೇಕು. ಅಕ್ಕರೆ ಬೆಳೆದ ಮೇಲೆ ಬಾಗಿಲು ಮುಚ್ಚಿದರೆ ನೋಯುವುದು ಮಗು.

ಅಣ್ಣನ ಮಗು

ಈಗ ಊರಿನ ಮೊದಲ ಸಲಹೆಗೆ ಬರೋಣ. ನೆಂಟರ ಮಗುವನ್ನು ಸಾಕುವುದು ನಮ್ಮಲ್ಲಿ ಪ್ರೀತಿಯ ಪರಂಪರೆ. ಒಂದೇ ಊರಿನಲ್ಲಿ ಅದು ನಡೆದಾಗ ಮಗುವಿಗೆ ಹೆತ್ತ ತಾಯಿಯೂ ಸಿಗುತ್ತಾಳೆ, ಸಾಕಿದ ತಾಯಿಯೂ ಸಿಗುತ್ತಾಳೆ. ಕಡಲು ದಾಟಿದಾಗ ಹಾಗಾಗುವುದಿಲ್ಲ. 1956ರ ಕಾಯ್ದೆಯಡಿ ದತ್ತು ಪತ್ರ ನೋಂದಾಯಿಸಿ ಮಗುವನ್ನು ಹೊರದೇಶಕ್ಕೆ ಒಯ್ಯುವವರೂ ಕಾರಾದ ನಿರಾಕ್ಷೇಪಣಾ ಪತ್ರ ಪಡೆಯಬೇಕು, ಜಿಲ್ಲಾಧಿಕಾರಿಯ ಪರಿಶೀಲನೆ ಆಗಬೇಕು ಎಂಬ ವ್ಯವಸ್ಥೆ 2021ರಲ್ಲಿ ಬಂತು. ಅದಾದ ಮೇಲೂ ಅಮೆರಿಕದ ಕಾನೂನು ಕೇಳುವ ಪ್ರಶ್ನೆ ಕಠಿಣ: ಇಬ್ಬರೂ ಹೆತ್ತವರು ಬದುಕಿರುವಾಗ, ಅವರು ಮಗುವನ್ನು ಸರಿಯಾಗಿ ಸಾಕಲಾರದ ಸ್ಥಿತಿಯಲ್ಲಿದ್ದಾರೆಯೇ? ಗಟ್ಟಿಮುಟ್ಟಾದ ಅಣ್ಣ ಅತ್ತಿಗೆ ಇದ್ದರೆ ಇದಕ್ಕೆ ಹೌದೆನ್ನುವುದು ಸುಳ್ಳಾಗುತ್ತದೆ.

ಕಾನೂನು ಪಕ್ಕಕ್ಕಿರಲಿ, ಮಗುವಿನ ಕಡೆಯಿಂದ ಯೋಚಿಸೋಣ. ಅಪ್ಪ ಅಮ್ಮ, ಅಕ್ಕ ತಂಗಿಯರ ನಡುವೆ ನೆಮ್ಮದಿಯಾಗಿರುವ ಮಗುವನ್ನು 'ಅಲ್ಲಿ ಒಳ್ಳೆ ಓದು ಸಿಗುತ್ತೆ' ಎಂದು ಕಿತ್ತು ಕಳಿಸುವುದಕ್ಕೆ ಸಮರ್ಥನೆ ಕಡಿಮೆ. ತಂದೆತಾಯಿ ತೀರಿಕೊಂಡು ಅಜ್ಜಿಯ ಮಡಿಲಲ್ಲಿ ಉಳಿದ ಮಗುವಿನ ಮಾತು ಬೇರೆ. ಅಲ್ಲಿ ಚಿಕ್ಕಪ್ಪ, ಸೋದರತ್ತೆಯರೇ ಮೊದಲ ಆಸರೆಯಾಗಬೇಕು, ಕಾನೂನೂ ಅದಕ್ಕೆ ದಾರಿ ಕೊಟ್ಟಿದೆ. ತಿರುಗಿದ ದಿಕ್ಕಿನ ಪ್ರಶ್ನೆಯೂ ಉಂಟು. ಅಮೆರಿಕದಲ್ಲಿ ಹುಟ್ಟಿದ, ಅಮೆರಿಕದ ಪ್ರಜೆಯಾದ ನೆಂಟರ ಮಗುವನ್ನು ಇಲ್ಲಿನ ದಂಪತಿ ದತ್ತು ತೆಗೆದುಕೊಳ್ಳಲು ಹೊರಟಾಗ, ಅದು ಮೂಲಭೂತ ಹಕ್ಕಲ್ಲವೆಂದು ಬಾಂಬೆ ಹೈಕೋರ್ಟ್ 2025ರ ಜುಲೈನಲ್ಲಿ ಹೇಳಿತು.

ಅವಸರದ ಬೆಲೆ

ಇಷ್ಟೊಂದು ಕಾಗದ ಏಕೆ ಎಂಬ ಬೇಸರ ಸಹಜ. ಉತ್ತರ ನಮ್ಮ ಗಡಿಯಾಚೆಗೇ ಇದೆ. 1999ರಿಂದ 2001ರ ನಡುವೆ ಆಗಿನ ಆಂಧ್ರಪ್ರದೇಶದಲ್ಲಿ ಲಂಬಾಣಿ ತಾಂಡಾಗಳ ಬಡ ತಾಯಂದಿರಿಂದ ಹೆಣ್ಣುಶಿಶುಗಳನ್ನು ಅತ್ಯಲ್ಪ ಹಣಕ್ಕೆ ಪಡೆದು ದತ್ತು ಸಂಸ್ಥೆಗಳಿಗೆ ಸಾಗಿಸಿದ ಜಾಲಗಳು ಬಯಲಾದವು. ಹೆತ್ತವರು ಮಗುವನ್ನು ಒಪ್ಪಿಸುವುದನ್ನೇ ಆ ಸರ್ಕಾರ 2001ರಲ್ಲಿ ನಿಷೇಧಿಸಬೇಕಾಯಿತು. 2005ರಲ್ಲಿ ಚೆನ್ನೈನಲ್ಲಿ ಕೊಳೆಗೇರಿಗಳಿಂದ ಕದ್ದ ಮಕ್ಕಳು ದತ್ತು ಸಂಸ್ಥೆಯೊಂದರ ಮೂಲಕ ವಿದೇಶ ಸೇರಿದ್ದು ಹೊರಬಂತು. ಕೋಲಾರ ಜಿಲ್ಲೆಗೆ ಈ ಎರಡೂ ರಾಜ್ಯಗಳು ನೆರೆ.

ಸ್ವಿಟ್ಜರ್ಲೆಂಡಿನಲ್ಲಿ 1973ರಿಂದ 2002ರವರೆಗೆ 2,278 ಭಾರತೀಯ ಮಕ್ಕಳನ್ನು ದತ್ತು ತೆಗೆದುಕೊಳ್ಳಲಾಗಿತ್ತು. ಅಲ್ಲಿನ ಎರಡು ಪ್ರಾಂತಗಳ ಕಡತಗಳನ್ನು ಸಂಶೋಧಕರು ತೆರೆದು ನೋಡಿದಾಗ, ಅವರು ಪರಿಶೀಲಿಸಿದ ಪ್ರಕರಣಗಳಲ್ಲಿ ಹೆತ್ತ ತಾಯಿಯ ಒಪ್ಪಿಗೆ ಪತ್ರವೇ ಇರಲಿಲ್ಲ. ಆ ಮಕ್ಕಳು ಈಗ ಬೆಳೆದು ದೊಡ್ಡವರಾಗಿದ್ದಾರೆ. ತಮ್ಮನ್ನು ಹೆತ್ತವಳು ಯಾರು, ಆಕೆ ಮನಸಾರೆ ಕೊಟ್ಟಳೇ ಎಂದು ಕೇಳಿದರೆ ಉತ್ತರಿಸುವ ಒಂದು ಹಾಳೆಯೂ ಇಲ್ಲ.

ಇಂಥದ್ದೇ ಶೋಧಗಳು ಬೇರೆ ದೇಶಗಳನ್ನೂ ಅಲುಗಿಸಿವೆ. ನೆದರ್ಲೆಂಡ್ಸ್ 2021ರಲ್ಲಿ ವಿದೇಶಿ ದತ್ತುವನ್ನು ತಡೆಹಿಡಿಯಿತು, 2024ರಲ್ಲಿ ಅದನ್ನು ಹಂತಹಂತವಾಗಿ ನಿಲ್ಲಿಸಲು ತೀರ್ಮಾನಿಸಿತು. ಅದೇ ವರ್ಷ ಡೆನ್ಮಾರ್ಕಿನ ಏಕೈಕ ಸಂಸ್ಥೆ ಬಾಗಿಲು ಹಾಕುವುದಾಗಿ ಹೇಳಿತು. ಚೀನಾ ಹತ್ತಿರದ ನೆಂಟರನ್ನು ಬಿಟ್ಟು ಉಳಿದ ವಿದೇಶಿಯರಿಗೆ ಮಕ್ಕಳನ್ನು ಕೊಡುವುದನ್ನು ನಿಲ್ಲಿಸಿತು. 2025ರ ಮಾರ್ಚಿನಲ್ಲಿ ದಕ್ಷಿಣ ಕೊರಿಯಾದ ಸತ್ಯಶೋಧನಾ ಆಯೋಗ ಹಿಂದಿನ ದತ್ತುಗಳಲ್ಲಿ ಸರ್ಕಾರದ ಹೊಣೆಯನ್ನು ಎತ್ತಿ ತೋರಿಸಿತು. ಜೂನ್‌ನಲ್ಲಿ ಸ್ವೀಡನ್ನಿನ ಆಯೋಗವೂ ವಿದೇಶಿ ದತ್ತು ನಿಲ್ಲಲಿ ಎಂದು ಶಿಫಾರಸು ಮಾಡಿತು.

ಇಷ್ಟಾದ ಮೇಲೆ ಭಾರತವೂ ಬಾಗಿಲು ಮುಚ್ಚಬೇಕೇ? ಮುಚ್ಚಬಾರದು ಎಂದೇ ನನ್ನ ನಂಬಿಕೆ. ಇವತ್ತು ಹೊರದೇಶಕ್ಕೆ ಹೋಗುತ್ತಿರುವ ಮಕ್ಕಳಲ್ಲಿ ಹೆಚ್ಚಿನವರು ಇಲ್ಲಿ ಯಾರೂ ಮುಂದೆ ಬಾರದ ಮಕ್ಕಳು. ಹೃದಯದ ತೊಂದರೆಯಿರುವವರು, ಕಣ್ಣು ಕಿವಿ ಮಂದವಿರುವವರು, ಒಟ್ಟಿಗೇ ಬೆಳೆಯಬೇಕಾದ ಅಕ್ಕ ತಮ್ಮಂದಿರು. ನಾವು ಒಲ್ಲೆವೆಂದ ಮಗುವನ್ನು ಇನ್ನೊಂದು ದೇಶದ ದಂಪತಿ ಎಲ್ಲವನ್ನೂ ತಿಳಿದೇ ಕೈಚಾಚಿ ಕರೆದರೆ ಅಡ್ಡ ನಿಲ್ಲಲು ನಮಗೆ ಹಕ್ಕಿಲ್ಲ. ಅಡ್ಡ ನಿಲ್ಲಬೇಕಾದದ್ದು ಅವಸರಕ್ಕೆ, ಹಣಕ್ಕೆ, ಅಳಿಸಿಹೋದ ದಾಖಲೆಗೆ.

ಕಾಯುವ ಸಾಲು

2024-25ರಲ್ಲಿ ದೇಶದಲ್ಲಿ ಕಾರಾ ಮೂಲಕ 4,515 ದತ್ತುಗಳಾದವು. ಅವುಗಳಲ್ಲಿ 4,155 ದೇಶದೊಳಗೆ, ಉಳಿದ 360 ಹೊರದೇಶಕ್ಕೆ. ಸಾಲಿನಲ್ಲಿ ಕಾಯುತ್ತಿರುವ ಕುಟುಂಬಗಳು ಮಾತ್ರ 30 ಸಾವಿರ ಮೀರಿವೆ. ಆರೋಗ್ಯವಂತ ಎಳೆಗೂಸನ್ನು ಬಯಸುವವರು ಮೂರು ವರ್ಷಕ್ಕೂ ಮೀರಿ ಕಾಯುತ್ತಾರೆ. ಎಲ್ಲರಿಗೂ ಎರಡು ವರ್ಷದೊಳಗಿನ ಕೂಸು ಬೇಕು. ಏಳು ವರ್ಷದ ಹುಡುಗ, ಕಾಲು ಎಳೆಯುವ ಹುಡುಗಿ ಅದೇ ಸಂಸ್ಥೆಯ ಅಂಗಳದಲ್ಲಿ ಬೆಳೆದು ದೊಡ್ಡವರಾಗುತ್ತಾರೆ. ಕಾಯುವ ದಂಪತಿಯ ನೋವು ನಿಜ. ಆದರೆ ಆ ನೋವೇ ದಲ್ಲಾಳಿಯ ಬಂಡವಾಳ. 'ಆಸ್ಪತ್ರೇಲಿ ಗೊತ್ತಿರೋರಿದ್ದಾರೆ' ಎಂಬ ಮಾತು ಹುಟ್ಟುವುದು ಅಲ್ಲೇ. ಕ್ರಮ ತಪ್ಪಿ ದತ್ತು ಕೊಟ್ಟರೆ, ಪಡೆದರೆ ಮೂರು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಮಗುವನ್ನು ಮಾರಿದರೆ, ಕೊಂಡರೆ ಐದು ವರ್ಷದವರೆಗೆ ಕಠಿಣ ಶಿಕ್ಷೆ. ಆಸ್ಪತ್ರೆಯವರೇ ಮಾಡಿದರೆ ಮೂರರಿಂದ ಏಳು ವರ್ಷ. ಬಾಂಡ್ ಪೇಪರು ಯಾರನ್ನೂ ಕಾಪಾಡುವುದಿಲ್ಲ. ಇಂಥ ಮಗುವಿಗೆ ಮುಂದೆ ಪಾಸ್‌ಪೋರ್ಟ್ ಬೇಕಾದ ದಿನ ಇಡೀ ಕುಟುಂಬ ಕಟಕಟೆಯಲ್ಲಿ ನಿಲ್ಲುತ್ತದೆ.

ನಮ್ಮ ಜಿಲ್ಲೆಯಲ್ಲಿ ಆಗಬೇಕಾದದ್ದು

ಮಗುವಿನ ಕಡತ ಶುರುವಾಗುವುದು ದೆಹಲಿಯಲ್ಲಲ್ಲ, ನಮ್ಮ ಹೋಬಳಿಗಳಲ್ಲಿ. ಕಡತದ ಮೊದಲ ಹಾಳೆ ಸತ್ಯವಾಗಿರಬೇಕಾದರೆ ಮಗುವನ್ನು ಬಿಡುವ ಸ್ಥಿತಿಗೆ ಬಂದ ಹೆಣ್ಣಿಗೆ ಹೆದರಿಕೆ ಹೋಗಬೇಕು. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂದು ಮಗುವನ್ನು ಒಪ್ಪಿಸುವುದು ಅಪರಾಧವಲ್ಲ, ಆಕೆಯ ಹೆಸರನ್ನು ಗೋಪ್ಯವಾಗಿಡಲಾಗುತ್ತದೆ, 60 ದಿನ ಯೋಚಿಸಲು ಸಮಯವಿದೆ ಎಂದು ಆಕೆಗೆ ಹೇಳುವವರು ಬೇಕು. ಪೊದೆಯಲ್ಲಿ, ಬಸ್ ನಿಲ್ದಾಣದಲ್ಲಿ ಬಿಟ್ಟುಹೋದ ಮಗುವಿಗೆ ಜೀವ ಉಳಿದರೂ ಚರಿತ್ರೆ ಉಳಿಯುವುದಿಲ್ಲ.

ಅದಕ್ಕೂ ಮುಂಚೆ ಆಗಬೇಕಾದ ಕೆಲಸ, ಬಡತನದ ಒಂದೇ ಕಾರಣಕ್ಕೆ ಯಾವ ತಾಯಿಯೂ ಮಗುವನ್ನು ಬಿಡದಂತೆ ನೋಡುವುದು. ಬೆಂಗಳೂರಿನಲ್ಲಿ 1982ರಲ್ಲಿ ನೊಮಿತಾ ಚಾಂಡಿಯವರು ಕಟ್ಟಿದ 'ಆಶ್ರಯ' ದತ್ತು ಕೆಲಸಕ್ಕೆ ಹೆಸರಾದಂತೆಯೇ ಕಟ್ಟಡ ಕಾರ್ಮಿಕರ ಮಕ್ಕಳಿಗಾಗಿ ಶಿಶುವಿಹಾರಗಳನ್ನೂ ನಡೆಸಿತು. ನಮ್ಮ ಜಿಲ್ಲೆಯ ರಾಯಲ್ಪಾಡಿನ ಬಳಿ ಡೇವಿಡ್ ಹಾರ್ಸ್‌ಬರೋ ಕಟ್ಟಿದ ನೀಲ್‌ಬಾಗ್ ಶಾಲೆಯನ್ನು ವಲಸೆ ಕಾರ್ಮಿಕರ ಮಕ್ಕಳ ವಸತಿ ಶಾಲೆಯಾಗಿ ನಡೆಸಿದ್ದೂ ಅದೇ ಸಂಸ್ಥೆ. ಮಗುವಿಗೆ ಹೊಸ ಮನೆ ಹುಡುಕುವವರೇ ಹಳೆಯ ಮನೆ ಮುರಿಯದಂತೆ ದುಡಿದ ಈ ಮಾದರಿ ಜಿಲ್ಲೆಯಲ್ಲಿ ಇನ್ನಷ್ಟು ಹರಡಬೇಕು.

ತಿಳಿವಳಿಕೆ ಹರಡಲು ನಮಗೆ ಹೊರಗಿನ ಮಾದರಿ ಬೇಕಿಲ್ಲ. 2003ರಲ್ಲಿ ಬೂದಿಕೋಟೆಯಲ್ಲೇ 'ನಮ್ಮ ಧ್ವನಿ' ಎಂಬ ಸಮುದಾಯ ಬಾನುಲಿ ಕೇಂದ್ರ ಆರಂಭವಾಗಿ, ಮಹಿಳಾ ಸಂಘಗಳ ಹೆಂಗಸರು ತಮ್ಮದೇ ಮಾತಿನಲ್ಲಿ ಕೇಬಲ್ ಮೂಲಕ ಮನೆಮನೆಗೆ ಕಾರ್ಯಕ್ರಮ ಮುಟ್ಟಿಸಿದ್ದರು. ದತ್ತು, ಒಪ್ಪಿಸುವಿಕೆ, 1098 ಮಕ್ಕಳ ಸಹಾಯವಾಣಿ ಇವೆಲ್ಲ ಇದೇ ಊರಿನ ಕನ್ನಡದಲ್ಲಿ, ತೆಲುಗಿನಲ್ಲಿ, ತಮಿಳಿನಲ್ಲಿ, ಉರ್ದುವಿನಲ್ಲಿ ಆಶಾ ಕಾರ್ಯಕರ್ತೆಯರ, ಅಂಗನವಾಡಿಗಳ, ಸಂಘಗಳ ಬಾಯಿಂದ ಜನರಿಗೆ ತಲುಪಬೇಕು.

ದತ್ತುವಿನ ದಾರಿಗೆ ಈಗಷ್ಟೇ ಕಾಲಿಡುತ್ತಿರುವ ಕುಟುಂಬಕ್ಕೆ ನನ್ನ ಮಾತು ಇಷ್ಟು. ಹೆಸರು ನೋಂದಾಯಿಸಿ ಸರದಿಯಲ್ಲಿ ನಿಲ್ಲಿ. ಯಾರ ಕೈಗೂ ರಸೀದಿಯಿಲ್ಲದೆ ಒಂದು ರೂಪಾಯಿ ಕೊಡಬೇಡಿ. ಎಳೆಗೂಸೇ ಬೇಕೆಂಬ ಹಟವನ್ನು ಒಮ್ಮೆ ಮನೆಯವರೆಲ್ಲ ಕೂತು ಮತ್ತೆ ಯೋಚಿಸಿ. ಮಗುವಿನ ಕಡತದ ಪ್ರತಿ ಹಾಳೆಯನ್ನೂ ಕೇಳಿ ಪಡೆದು ಜೋಪಾನವಾಗಿಡಿ. 18 ತುಂಬಿದ ಮೇಲೆ ತನ್ನ ಮೂಲವನ್ನು ಹುಡುಕುವ ಅವಕಾಶವನ್ನು ನಮ್ಮ ನಿಯಮಗಳು ಆ ಮಗುವಿಗೆ ಕೊಟ್ಟಿವೆ, ಅಂದು ಆ ಹಾಳೆಗಳು ಅದಕ್ಕೆ ಬೇಕು. ಊರಿನಲ್ಲಿರುವ ನಾವು ಮಾಡಬೇಕಾದದ್ದು ಇನ್ನೂ ಸರಳ. ದಿಕ್ಕಿಲ್ಲದ ಮಗುವನ್ನೋ, ಮಗುವನ್ನು ಬಿಡಲು ಹೊರಟ ತಾಯಿಯನ್ನೋ ಕಂಡರೆ ದಲ್ಲಾಳಿಗೆ ಹೇಳಬೇಡಿ, ನೆಂಟರಿಗೂ ಹೇಳಬೇಡಿ. 1098ಕ್ಕೆ ಫೋನ್ ಮಾಡಿ.